ಅಂತ್ಯಕಾಲದ ಆರೈಕೆ, ಕರ್ನಾಟಕದಲ್ಲಿ

ವಾಸಿಯಾಗದ ರೋಗದಿಂದಲೋ ಮುಪ್ಪಿನಿಂದಲೋ ಸಾವಿಗೆ ಸಮೀಪಿಸಿದವರ ನೋವು, ಉಬ್ಬಸ, ಭಯಗಳನ್ನು ತಗ್ಗಿಸಿ ಕೊನೆಯವರೆಗೆ ಜೊತೆಗಿರುವ ಸೇವೆ. ಇಂದಿನ ವೈದ್ಯದಲ್ಲಿ ಇದು ಉಪಶಾಮಕ ಆರೈಕೆಯ ಕೊನೆಯ ಘಟ್ಟ.

ಕನ್ನಡ ನಾಡಿನಲ್ಲಿ ಇದರ ಹಳೆಯ ಕಟ್ಟಳೆ ಜೈನರದು. ಸಲ್ಲೇಖನ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ವ್ರತ, ಹಿಡಿದವನು ಕ್ಷಪಕ, ಅವನನ್ನು ನೋಡಿಕೊಳ್ಳುವವರು ನಿರ್ಯಾಪಕರು. ಶಿವಾರ್ಯನ ಪ್ರಾಕೃತ ಗ್ರಂಥ ‘ಭಗವತೀ ಆರಾಧನಾ’ ಇಂಥ 48 ಮಂದಿಯನ್ನು ಹೇಳುತ್ತದೆ: ಎತ್ತಿ ಕೂರಿಸಲು, ಮಲಮೂತ್ರ ತೆಗೆಯಲು, ರಾತ್ರಿ ಎಚ್ಚರವಿರಲು, ಧರ್ಮಕಥೆ ಹೇಳಲು, ಬಾಗಿಲು ಕಾಯಲು ಬೇರೆ ಬೇರೆ ಜನ. ಅಷ್ಟು ಮಂದಿ ಸಿಗದಿದ್ದರೆ ಇಬ್ಬರಾದರೂ ಬೇಕು. ಹಸಿವು ನೋವಿಗೆ ಕ್ಷಪಕ ಎದೆಗುಂದಿದಾಗ ಹೇಳುವ ಧೈರ್ಯದ ಮಾತಿಗೆ ‘ಕವಚ’ವೆಂದು ಹೆಸರು. ಗ್ರಂಥದ ಈ ಕವಚ ಭಾಗದ 19 ಗಾಹೆಗಳ (ಪ್ರಾಕೃತ ಪದ್ಯಗಳ) ಮೇಲೆ ಬೆಳೆದ ಕಥೆಗಳೇ ‘ವಡ್ಡಾರಾಧನೆ’. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗದ್ಯಕೃತಿಯ ಬೇರು ಸಾಯುವವನ ಹಾಸಿಗೆಯ ಪಕ್ಕದಲ್ಲಿದೆ ಎಂಬುದನ್ನು ಸಾಹಿತ್ಯ ಚರಿತ್ರೆಗಳು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು.

ಮಠ ಬಸದಿಗಳ ಹೊರಗೆ ಈ ಕೆಲಸ ಮನೆಯ ಹೆಂಗಸರದಾಗಿತ್ತು. ಕಾಪು, ಉಡುಪಿ ಕಡೆಯ ಮಕ್ಕಳು ಮುಂಬಯಿ, ಗಲ್ಫ್ ಎಂದು ಹೊರಟ ಮೇಲೆ ಮನೆಗಳಲ್ಲಿ ಕೈಗಳೇ ಕಡಿಮೆಯಾದವು.

ಈಗ ಸಂಸ್ಥೆಗಳೂ ಈ ಕೆಲಸಕ್ಕೆ ಕೈಹಚ್ಚಿವೆ. ಬೆಂಗಳೂರಿನ ‘ಕರುಣಾಶ್ರಯ’ದ ಟ್ರಸ್ಟ್ 1994ರಲ್ಲಿ ಹುಟ್ಟಿತು, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಆರೈಕೆ ಉಚಿತ. 1953ರಲ್ಲಿ ಟಿ.ಎಂ.ಎ. ಪೈ ಕಟ್ಟಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಈಗ ಉಪಶಾಮಕ ವೈದ್ಯ ವಿಭಾಗವಿದೆ, ಜೊತೆಗೆ ಹಾಸ್ಪೈಸ್ (ಅಂತ್ಯಕಾಲದ ಆರೈಕೆಯ ಕೇಂದ್ರ) ಕೂಡ ಆರಂಭವಾಗಿದೆ. ನೋವಿಗೆ ಬೇಕಾದ ಮಾರ್ಫಿನ್ ಮಾತ್ರ 1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ಸಿಕ್ಕಿಕೊಂಡಿತ್ತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು.

ಕಾನೂನಿನ ಕಣ್ಣು ತೆರೆಸಿದ್ದು ಉತ್ತರ ಕನ್ನಡದ ಹಳದೀಪುರದವರಾದ ನರ್ಸ್ ಅರುಣಾ ಶಾನಭಾಗ. 1973ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಮಂಕಾದ ಅವರನ್ನು ಅಲ್ಲಿನ ನರ್ಸುಗಳು ಸರದಿಯಲ್ಲಿ 2015ರವರೆಗೆ ನೋಡಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ಬಂದ ದಯಾಮರಣದ ಅರ್ಜಿಯನ್ನು ತಳ್ಳಿಹಾಕಿತು. ಆದರೆ ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ, ಷರತ್ತಿನ ಒಪ್ಪಿಗೆ ಕೊಟ್ಟಿತು. 2018ರಲ್ಲಿ, ಅಂಥ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಬಂತು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. 2023ರ ಸರಳೀಕರಣದ ನಂತರ ಇಂಥ ಉಯಿಲಿಗೆ ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.