ಒಂದೇ ಬದು, ಎರಡು ಗೆರೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಲ್ಲಿ ಅಕ್ಕಪಕ್ಕದ ಎರಡು ಹೊಲಗಳಿಗೆ ಇರುವುದು ಒಂದೇ ಬದು. ಕಂಪ್ಯೂಟರಿನ ನಕ್ಷೆಯಲ್ಲಿ ಮಾತ್ರ ಸಾಮಾನ್ಯವಾಗಿ ಎರಡು ಗೆರೆ, ಪ್ರತಿ ಸರ್ವೆ ನಂಬರಿಗೂ ಅದರದೇ ಸುತ್ತು. ನಡುವೆ ಸಂದು ಬಿದ್ದರೆ ಅದು ಯಾರಿಗೂ ಸೇರದ ಜಮೀನು. ಗೆರೆಗಳು ಒಂದನ್ನೊಂದು ದಾಟಿದರೆ ಇಬ್ಬರಿಗೂ ಸೇರಿದ್ದು.

ಹಂಚಿಕೊಂಡ ಗೆರೆಯನ್ನು ಒಮ್ಮೆಯೇ ಬರೆದಿಡುವ ಉಪಾಯವೇ ಟೊಪಾಲಜಿ. ಅಮೆರಿಕದ ಜನಗಣತಿ ಇಲಾಖೆ 1960ರ ದಶಕದ ಕೊನೆಗೆ ರೂಪಿಸಿದ 'ಡೈಮ್' ಪದ್ಧತಿಯಲ್ಲಿ ಬೀದಿಯ ಪ್ರತಿ ತುಂಡಿಗೂ ಎರಡು ತುದಿ, ಎಡ-ಬಲದ ಬ್ಲಾಕುಗಳು ದಾಖಲಾಗುತ್ತಿದ್ದವು. 1982ರ ನಕ್ಷೆ ತಂತ್ರಾಂಶ ಆರ್ಕ್‌ಇನ್ಫೋ ಈ ಕ್ರಮವನ್ನು ಮಾರುಕಟ್ಟೆಗೆ ತಂದಿತು. ಗೆರೆ ತಿದ್ದಿದಾಗ 'ಕ್ಲೀನ್', 'ಬಿಲ್ಡ್' ಎಂದು ಆಜ್ಞೆ ಕೊಟ್ಟು ಕಾಯುತ್ತ ಕೂರಬೇಕಿತ್ತು. 1990ರ ದಶಕದ ಕಡತ ಮಾದರಿ ಶೇಪ್‌ಫೈಲ್ ಆ ಕಾಯುವಿಕೆಯ ಜೊತೆಗೆ ಟೊಪಾಲಜಿಯನ್ನೂ ಕೈಬಿಟ್ಟಿತು. ನಕ್ಷೆ ಬೇಗ ತೆರೆಯತೊಡಗಿತು, ಸಂದುಗಳೂ ಮರಳಿದವು.

2001ರಲ್ಲಿ ಬಂದ ತಂತ್ರಾಂಶ ಪೋಸ್ಟ್‌ಜಿಐಎಸ್, 2012ರ 2.0 ಆವೃತ್ತಿಯ ಹೊತ್ತಿಗೆ ಬಿಂದು, ಅಂಚು, ಮುಖ ಎಂಬ ಕೋಷ್ಟಕಗಳಲ್ಲಿ ಟೊಪಾಲಜಿಯನ್ನು ದತ್ತಸಂಚಯದೊಳಗೇ ನೆಲೆಗೊಳಿಸಿತು. ಜಮೀನು ಪಾಲು ಮಾಡುವ ನಮ್ಮ ಪೋಡಿ ಕೆಲಸಕ್ಕೆ ಇದು ಹೇಳಿ ಮಾಡಿಸಿದಂತಿದೆ. ಸರ್ವೆ ನಂಬರು ಎರಡು ಹಿಸ್ಸೆಯಾದರೆ ಹೊಸ ಅಂಚೊಂದು ಸೇರುತ್ತದೆ, ಅದು ಮುಟ್ಟಿದ ಬದುಗಳು ಅಲ್ಲಲ್ಲೇ ತುಂಡಾಗುತ್ತವೆ, ಒಂದು ಮುಖ ಎರಡಾಗುತ್ತದೆ. ಊರಿನ ಮಿಕ್ಕ ಹೊಲಗಳ ತಂಟೆಯೇ ಇಲ್ಲ. ಪೀಕಲಾಟವಿರುವುದು ಇಡೀ ತಾಲ್ಲೂಕನ್ನು ಮೊದಲ ಸಲ ತುಂಬುವಾಗ. ಗೆರೆ ಗೆರೆಗೂ ಹತ್ತಿರದ ಬಿಂದು ಹುಡುಕಿ, ಅಂಚು ಕತ್ತರಿಸಿ, ಸುತ್ತು ಮುಚ್ಚಿತೇ ಎಂದು ಅಂಚಿನಗುಂಟ ನಡೆದು ನೋಡಬೇಕು. ಇದಕ್ಕೆ ಬದಲು ಎಲ್ಲ ಗೆರೆಗಳನ್ನೂ ಒಟ್ಟಿಗೆ ಛೇದಿಸಿ, ನಕಲುಗಳನ್ನು ತೆಗೆದು, ಮುಖಗಳನ್ನು ಕಡೆಗೆ ಒಂದೇ ಬೀಸಿನಲ್ಲಿ ಗುರುತಿಸಿದರೆ ಎಷ್ಟೋ ಸಮಯ ಉಳಿಯುತ್ತದೆ. ಹೋಬಳಿವಾರು ತುಂಡು ಮಾಡಿ ಏಕಕಾಲಕ್ಕೆ ಓಡಿಸುವುದೂ ಉಂಟು.

ಹೊರತೆಗೆಯುವಾಗ ಕಥೆ ಉಲ್ಟಾ: ಚದುರಿದ ಅಂಚುಗಳನ್ನು ಪೋಣಿಸಿ ಹೊಲ ಕಟ್ಟಬೇಕು. ಎಡ-ಬಲ ಮುಖಗಳಿಗೆ ಇಂಡೆಕ್ಸ್ ಇಲ್ಲದಿದ್ದರೆ ಪ್ರತಿ ಹೊಲಕ್ಕೂ ಇಡೀ ಕೋಷ್ಟಕ ತಡಕಾಟ. ಮೈಕ್ ಬೊಸ್ಟಾಕ್ ಎಂಬವರು 2012ರಲ್ಲಿ ತಂದ ಕಡತ ಮಾದರಿ ಟೊಪೊಜೇಸನ್‌ನಲ್ಲಿ ಹೊಲ ಕಟ್ಟುವ ಗೋಜೇ ಇಲ್ಲ. ಅಂಚನ್ನು ಒಮ್ಮೆ ಬರೆದು ಆಮೇಲೆ ಅದರ ಸಂಖ್ಯೆ ಕೊಟ್ಟರಾಯಿತು. 12 ಸಂಖ್ಯೆಯ ಅಂಚನ್ನು ಪಕ್ಕದ ಹೊಲಕ್ಕಾಗಿ ಹಿಂದುಮುಂದಾಗಿ ಓದಬೇಕೆಂದರೆ -13 ಎಂದು ಬರೆಯುತ್ತಾರೆ. ಎಣಿಕೆ ಸೊನ್ನೆಯಿಂದ ಶುರು, ಸೊನ್ನೆಗೆ ಋಣವಿಲ್ಲ, ಅದಕ್ಕೇ ಈ ಚಮತ್ಕಾರ.

ಗೆರೆಗಳನ್ನು ತುಂಬುವಾಗ ಮಾತ್ರ ಒಂದು ಹುಷಾರು ಬೇಕು. ಬೇಗ ಮುಗಿಯಲಿ ಎಂದು 'ಇಷ್ಟು ಹತ್ತಿರವಿದ್ದರೆ ಒಂದೇ ಗೆರೆ' ಎಂಬ ಮಿತಿಯನ್ನು ಹಿಗ್ಗಿಸುವ ಚಾಳಿ ನನಗೆ ಒಪ್ಪಿಗೆಯಿಲ್ಲ. ಗ್ರಾಮ ನಕ್ಷೆಯ ಅಳತೆ 1:7920 ಆಗಿದ್ದರೆ, ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು 4 ಮೀಟರ್. 33 ಅಡಿ ಚದರವೇ ಒಂದು ಗುಂಟೆ ಎನ್ನುವ ನಾಡಿನಲ್ಲಿ, ಅದರಲ್ಲೂ ಬೆಂಗಳೂರಿನ ಮಗ್ಗುಲಲ್ಲಿ, ಇದು ಸಣ್ಣ ಅಗಲವಲ್ಲ. ಎರಡು ಊರ ನಕ್ಷೆಗಳು ಕೂಡುವ ಕಡೆ ಯಾವ ಗೆರೆ ಸರಿ ಎಂಬುದು ಸಾಫ್ಟ್‌ವೇರ್ ತೀರ್ಮಾನಿಸುವ ಮಾತಲ್ಲ. ಆ ಅಂಚುಗಳನ್ನು 'ಅಳತೆ ಬಾಕಿ' ಎಂದು ಗುರುತಿಸಿಟ್ಟು ಒಳಗಿನ ಹೊಲಗಳನ್ನು ಮೊದಲು ತುಂಬಿಸಬಹುದು. ಉಳಿದದ್ದಕ್ಕೆ ಹಳೆಯ ಅಳತೆಯ ಟಿಪ್ಪಣಿ, ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಎರಡನ್ನೂ ಹಿಡಿದು ಭೂಮಾಪಕರೇ ಬಾಂದು ಕಲ್ಲಿನ ಬಳಿಗೆ ಹೋಗಬೇಕು.