ರನ್ನನ ಗದಾಯುದ್ಧದಲ್ಲಿ ಪೂರ್ವಕವಿಗಳ ಋಣ

ರನ್ನನ ಗದಾಯುದ್ಧವನ್ನೂ ಪಂಪನ ವಿಕ್ರಮಾರ್ಜುನ ವಿಜಯದ ಹದಿಮೂರನೆಯ ಆಶ್ವಾಸವನ್ನೂ ಎದುರೆದುರಾಗಿಟ್ಟು ಓದುವವರಿಗೆ ಮೊದಲು ಉಂಟಾಗುವುದು ಸಂತೋಷವಲ್ಲ, ಸಂಶಯ. ಕಥಾಸರಣಿ ಒಂದೇ, ಕೆಲವೆಡೆಗಳಲ್ಲಿ ಪದ್ಯದ ಭಾವವೂ ಮಾತಿನ ಜೋಡಣೆಯೂ ಒಂದೇ. ಪಂಪಭಾರತವು ಕ್ರಿ. ಶ. 941ರ ಸುಮಾರಿನದು, ರನ್ನನು ಹುಟ್ಟಿದುದೇ 949ರಲ್ಲಿ. ಆದುದರಿಂದ ಯಾರು ಯಾರಿಗೆ ಋಣಿಯೆಂಬಲ್ಲಿ ವಿವಾದವಿಲ್ಲ. ಆ ಋಣವು ಕೃತಿಚೌರ್ಯವೆನಿಸುವುದೋ ಎಂಬುದೇ ವಿಚಾರಣೀಯವಾದುದು.

ಋಣವು ಪಂಪನೊಬ್ಬನದೂ ಅಲ್ಲ. ದ್ರೌಪದಿಯ ಬಿಚ್ಚಿದ ಮುಡಿ, ಭೀಮನ ಪ್ರತಿಜ್ಞೆ, ವೃದ್ಧರಾದ ಧೃತರಾಷ್ಟ್ರ ಗಾಂಧಾರಿಯರು ರಣಭೂಮಿಗೆ ಬಂದು ಮಗನಿಗೆ ಸಂಧಿಯನ್ನು ಬೋಧಿಸುವುದು, ಇವೆಲ್ಲ ಭಟ್ಟನಾರಾಯಣನ ವೇಣೀಸಂಹಾರದಲ್ಲಿವೆ. ಮುಡಿಯ ಪ್ರಸಂಗವನ್ನಂತೂ ಪಂಪನೂ ಬಳಸಿರುವನಾಗಿ, ಅದು ರನ್ನನಿಗೆ ಎರಡು ದಾರಿಗಳಿಂದ ಬಂದಿರಬಹುದು. ಆದರೆ ಆ ನಾಟಕದ ಭಾನುಮತಿಯ ಸ್ವಪ್ನವನ್ನಾಗಲಿ, ಕಡೆಯ ಅಂಕದ ಚಾರ್ವಾಕರಾಕ್ಷಸನ ಕಪಟವನ್ನಾಗಲಿ ರನ್ನನು ಮುಟ್ಟಲಿಲ್ಲ. ಬಿಟ್ಟುದನ್ನು ನೋಡಿದರೆ ಕೊಂಡವನ ವಿವೇಕವು ತಿಳಿಯುತ್ತದೆ.

ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳ ಪರಸ್ಪರ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿರುವನು: ಪ್ರತಿಬಿಂಬದಂತಹುದು, ಚಿತ್ರದಂತಹುದು, ಒಬ್ಬನನ್ನು ಹೋಲುವ ಮತ್ತೊಬ್ಬ ದೇಹಿಯಂತಹುದು. ಮೊದಲೆರಡು ತ್ಯಾಜ್ಯ, ಮೂರನೆಯದಕ್ಕೆ ತನ್ನದೇ ಆದ ಆತ್ಮವಿರುವುದರಿಂದ ಅದು ಗ್ರಾಹ್ಯ. ರನ್ನನ ಕೆಲವು ಬಿಡಿ ಪದ್ಯಗಳು ಈ ಒರೆಗಲ್ಲಿನಲ್ಲಿ ಉಳಿಯಲಾರವೆಂದು ಒಪ್ಪಲೇಬೇಕು. ಕಾವ್ಯದ ಮಾತು ಬೇರೆ.

ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು. ರನ್ನನು ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ. ನಾಯಕನು ಬದಲಾದೊಡನೆ ಭಾರತವೆಲ್ಲವೂ ಕಡೆಯ ದಿನದ ಕಾಳಗದೊಳಕ್ಕೆ ಸಿಂಹಾವಲೋಕನಕ್ರಮದಿಂದ ಸೇರಬೇಕಾಯಿತು. ಆದರೂ ನಿಜವಾದ ಹೊಸತನವಿರುವುದು ಪ್ರತಿನಾಯಕನಲ್ಲಿ. ಪಂಪನು ಬೇಗನೆ ದಾಟಿಸಿದ ರಣಭೂಮಿಯಲ್ಲಿ ರನ್ನನ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ತಡೆತಡೆದು ನಡೆಯುತ್ತಾನೆ. ದ್ರೋಣನನ್ನು ಕಂಡು ಅಳಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿದು, ಅದರ ಒಂದಂಶವಾದರೂ ತನ್ನ ಮರಣಕ್ಕೆ ದೊರೆಯಲೆಂದು ಬಯಸುತ್ತಾನೆ. ಕರ್ಣನ ಮುಂದೆ, ಅವನ ಜನ್ಮರಹಸ್ಯವನ್ನು ತಾನು ಬಲ್ಲೆನೆಂದು ಹೊರಗೆಡಹುತ್ತಾನೆ. ಭೀಮನನ್ನು ಮೆರೆಸಲು ಹೊರಟ ಕವಿಯು ಇಲ್ಲಿ ಆಶ್ರಯದಾತನನ್ನು ಮರೆತನೋ ಎನ್ನಿಸುವಂತಿದೆ!

1912ರಲ್ಲಿ ಗಣಪತಿಶಾಸ್ತ್ರಿಗಳು ತಿರುವನಂತಪುರದಿಂದ ಭಾಸನವೆಂದು ಪ್ರಕಟಿಸಿದ ನಾಟಕಗಳಲ್ಲಿ ಊರುಭಂಗವೂ ಒಂದು. ಅದರಲ್ಲಿಯೂ ದುರ್ಯೋಧನನು ಉದಾತ್ತನೇ. ತೊಡೆಮುರಿದು ಬಿದ್ದಿದ್ದರೂ ಬಲರಾಮನ ಕೋಪವನ್ನು ಶಮನಗೊಳಿಸುತ್ತಾನೆ. ಇದರಿಂದಲೇ ರನ್ನನು ಆ ನಾಟಕವನ್ನು ಬಲ್ಲವನೆಂದು ಹೇಳುವುದು ಸಾಹಸ. ಮೂಲಭಾರತದಲ್ಲಿಯೇ ದುರ್ಯೋಧನನ ಮರಣಕಾಲದ ಮಾತುಗಳಿಗೆ ದೇವತೆಗಳು ಹೂಮಳೆಗರೆದಿರುವಾಗ, ಇಬ್ಬರಿಗೂ ಅದೇ ಬೀಜವು ಸಾಕಾಗಿತ್ತು.

ಸಾಲಗಾರನೆನಿಸಿದ ರನ್ನನು ಬಳಿಕ ಸಾಲ ಕೊಟ್ಟವನೂ ಆದನು. ಬಿ. ಎಂ. ಶ್ರೀಕಂಠಯ್ಯನವರು 1926ರ ತಮ್ಮ ಗದಾಯುದ್ಧ ನಾಟಕವನ್ನು ಈ ಚಂಪುವಿನಿಂದಲೇ ರಚಿಸಿದರು. ಅದರಲ್ಲಿ ಭೀಮನ ಪಟ್ಟಬಂಧಕ್ಕಿಂತ ಕುರುಪತಿಯ ಅವಸಾನಕ್ಕೇ ಪ್ರಾಧಾನ್ಯ.