ಬನ್ನು ತಿಂದ ಆನೆಯ ಹಲ್ಲು

ಚಿಮ್ಮನಚೋಡದ ಕಡೆ ಯಾವ ರೈತನೂ ಜೋಳದ ರಾಶಿಯ ಹತ್ತಿರ ಎತ್ತು ಬಿಚ್ಚಿ ಬಿಡುವುದಿಲ್ಲ. ಬಿಟ್ಟರೆ ಅದು ಹೊಟ್ಟೆ ತುಂಬ ಕಾಳು ತಿನ್ನುತ್ತದೆ, ಆಮೇಲೆ ಉಳಿಯುವುದು ಕಷ್ಟ. ಎತ್ತಿಗೆ ಬೇಕಾದದ್ದು ಕಣಕಿ, ತೊಗರಿ ಹೊಟ್ಟು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ನಾರನ್ನು ಹುದುಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಒಮ್ಮೆಲೇ ಕಾಳು ಬಿದ್ದರೆ ಅಲ್ಲಿ ಹುಳಿ ಏರಿ ಆ ಜೀವಿಗಳೇ ಸಾಯುತ್ತವೆ. ರೈತರು ತಲೆಮಾರುಗಳಿಂದ ಬಲ್ಲ ಈ ಎಚ್ಚರಿಕೆಯನ್ನು ಮೃಗಾಲಯಗಳು ಕಲಿಯಲು ಬಹಳ ಕಾಲ ಹಿಡಿಯಿತು.

ಲಂಡನ್ ಮೃಗಾಲಯಕ್ಕೆ 1865ರಲ್ಲಿ ಬಂದ ಆಫ್ರಿಕಾದ ಆನೆ ಜಂಬೊ ಮಕ್ಕಳ ಕೈಯಿಂದ ಬನ್ನು ತಿನ್ನುತ್ತ ಜಗತ್ಪ್ರಸಿದ್ಧವಾಯಿತು. ಹಗಲು ಸಾಧು, ರಾತ್ರಿ ಮಾತ್ರ ರೇಗಿ ಲಾಯದ ಗೋಡೆ ಗುದ್ದುತ್ತಿತ್ತು. 1882ರಲ್ಲಿ ಅದನ್ನು ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್‌ಗೆ ಮಾರಲಾಯಿತು. 1885ರಲ್ಲಿ ಕೆನಡಾದಲ್ಲಿ ರೈಲಿಗೆ ಸಿಕ್ಕಿ ಸತ್ತಿತು. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿರುವ ಅದರ ಎಲುಬುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದನ್ನು 2017ರಲ್ಲಿ ಬಿಬಿಸಿ ತೋರಿಸಿತು. ದವಡೆ ಹಲ್ಲುಗಳು ಸೊಟ್ಟಾಗಿದ್ದವು. ಆನೆಗೆ ದವಡೆ ಹಲ್ಲು ಜೀವಮಾನದಲ್ಲಿ ಆರು ಸಲ ಬರುತ್ತದೆ, ಹಿಂದಿನಿಂದ ಮುಂದಕ್ಕೆ ಜರುಗುತ್ತ. ತೊಗಟೆ, ಕೊಂಬೆ ಅಗಿದು ಹಳೆಯದು ಸವೆದರೆ ಮಾತ್ರ ಹೊಸದಕ್ಕೆ ಜಾಗ. ಮೆತ್ತನೆಯ ತಿನಿಸಿನಿಂದ ಜಂಬೊನ ಹಲ್ಲು ಸವೆಯಲಿಲ್ಲ. ಆ ರಾತ್ರಿಗಳ ಸಿಟ್ಟು ಹಲ್ಲುನೋವಿನದೇ ಇರಬೇಕು ಎಂಬುದು ಪರೀಕ್ಷಿಸಿದವರ ಊಹೆ.

ಹಾಗೆಂದು ಒಣಹುಲ್ಲು ಹಾಕಿದರೆ ಮುಗಿಯಿತೇ? ಅದೂ ಇಲ್ಲ. ಮೆಲುಕು ಹಾಕುವ ಪ್ರಾಣಿಗಳಲ್ಲೇ ಹುಲ್ಲು ಮೇಯುವವು, ಸೊಪ್ಪು ತಿನ್ನುವವು, ಎರಡಕ್ಕೂ ಹೊಂದಿಕೊಳ್ಳುವವು ಎಂಬ ಮೂರು ಬಗೆಯನ್ನು ಹಾಫ್‌ಮನ್ ಎಂಬ ವಿಜ್ಞಾನಿ 1989ರಲ್ಲಿ ವಿವರಿಸಿದರು. ಕೆಲವು ವಿವರಗಳ ಬಗ್ಗೆ ಆಮೇಲೆ ತಕರಾರು ಬಂದರೂ ವಿಂಗಡಣೆ ಇಂದಿಗೂ ಉಪಯೋಗದಲ್ಲಿದೆ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಆರಂಭಿಸಿದ ಮೈಸೂರು ಮೃಗಾಲಯದಲ್ಲಿ ಮಕ್ಕಳನ್ನು ಸೆಳೆಯುವ ಜಿರಾಫೆ ಸೊಪ್ಪಿನ ಪ್ರಾಣಿ. ಬರೀ ಒಣಹುಲ್ಲಿನ ಮೇಲೆ ಅದು ಸೊರಗುತ್ತದೆ. ಅದಕ್ಕೆ ಮರದ ಎಲೆ, ಚಿಗುರು ಬೇಕು. ಸಾಲದಿದ್ದರೆ ಕುದುರೆ ಮಸಾಲೆ ಸೊಪ್ಪು. ಕೃಷ್ಣಮೃಗಕ್ಕಾದರೆ ಹುಲ್ಲೇ ಮುಖ್ಯ.

ಪ್ರೇಕ್ಷಕರ ಪ್ರೀತಿಗೆ ಕಡಿವಾಣ ಹಾಕಿದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1991ರ ತಿದ್ದುಪಡಿ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು ಎಷ್ಟು ತಪ್ಪೋ ಅದಕ್ಕೆ ತಿನಿಸು ಕೊಡುವುದೂ ಅಷ್ಟೇ ತಪ್ಪು ಎನ್ನುತ್ತದೆ ಅದು. ಆದರೂ ಬೇಲಿಯಾಚೆಗೆ ಬಿಸ್ಕತ್ತು ಎಸೆಯುವ ಕೈಗಳು ನಿಂತಿಲ್ಲ. ಬಿಸ್ಕತ್ತಿನ ಜೊತೆ ಪೊಟ್ಟಣವೂ ಒಳಗೆ ಹೋದರೆ ಜಿಂಕೆಯ ಮೊದಲ ಹೊಟ್ಟೆಯಲ್ಲೇ ಉಂಡೆಗಟ್ಟಿ ಉಳಿಯುತ್ತದೆ. ಎಷ್ಟೋ ಸಲ ಅದು ಕಣ್ಣಿಗೆ ಬೀಳುವುದು ಜಿಂಕೆ ಸತ್ತ ಮೇಲೆ, ವೈದ್ಯರು ಹೊಟ್ಟೆ ಕೊಯ್ದಾಗ.